ಬೋರ್‌ವೆಲ್ ನೀರಿಗೆ ಆರ್‌ಒ ಹಾಕಿ ಅಕ್ವೇರಿಯಂ ತುಂಬುವುದು ಹೇಗೆ?

ಮನೆಯಲ್ಲಿ ಬೋರ್‌ವೆಲ್ ಇದ್ದು ಮೀನು ಸಾಕುವವರು ಕೇಳುವ ಪ್ರಶ್ನೆಗಳು ಸುತ್ತಿ ಸುತ್ತಿ ಒಂದೇ ಕಡೆ ಬಂದು ನಿಲ್ಲುತ್ತವೆ. ನಮ್ಮ ನೀರಿನ ಟಿಡಿಎಸ್ ಎಂಟುನೂರು ಇದೆ, ಮೀನಿಗೆ ಆಗುತ್ತಾ? ಕುಡಿಯೋಕೆ ಹಾಕಿಸಿರುವ ಆರ್‌ಒ ನೀರನ್ನೇ ತೊಟ್ಟಿಗೆ ಸುರಿಯಬಹುದಾ? ಸುರಿದೆವು, ಎರಡು ದಿನಕ್ಕೆ ಮೀನು ಸತ್ತವು, ಯಾಕೆ? ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಪೂರ್ತಿ ಕೆಲಸವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆರ್‌ಒ ಮೆಷಿನ್ ಕೊಡುವುದು ಖಾಲಿ ನೀರು. ಉಪ್ಪು, ಸುಣ್ಣದ ಅಂಶ ಎಲ್ಲ ಹೆಚ್ಚೂಕಡಿಮೆ ಹೋಗಿರುತ್ತದೆ. ಅದಕ್ಕೆ ಏನನ್ನು ಎಷ್ಟು ಸೇರಿಸಬೇಕು ಅಂತ ಗೊತ್ತಿದ್ದರೆ ಮಾತ್ರ ಅದರಿಂದ ಉಪಯೋಗ. ಮೀನು ಕೇಳುವುದು ಪ್ರತಿ ವಾರವೂ ಒಂದೇ ತರಹ ಇರುವ ನೀರನ್ನು. ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ.

ಮೊದಲು ಗೊತ್ತಿರಬೇಕಾದ ನಾಲ್ಕು ಪದ

ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿರುವ ಉಪ್ಪುಗಳ ಒಟ್ಟು ಪ್ರಮಾಣ. ಪೆನ್ನಿನಂತಹ ಮೀಟರ್ ನೀರಿಗೆ ಅದ್ದಿದರೆ ಪಿಪಿಎಂ ಲೆಕ್ಕದಲ್ಲಿ ತೋರಿಸುತ್ತದೆ. ಒಂದು ಪಿಪಿಎಂ ಅಂದರೆ ಲೀಟರಿಗೆ ಒಂದು ಮಿಲಿಗ್ರಾಂ. ಆದರೆ ಮೀಟರ್ ನಿಜವಾಗಿ ಅಳೆಯುವುದು ನೀರು ಎಷ್ಟು ಕರೆಂಟ್ ಹರಿಯಲು ಬಿಡುತ್ತದೆ ಅನ್ನುವುದನ್ನು. ಕರಗಿರುವುದು ಸುಣ್ಣವೋ, ಅಡುಗೆ ಉಪ್ಪೋ, ನೈಟ್ರೇಟೋ ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ಜಿಎಚ್ ಅಂದರೆ ಒಟ್ಟು ಗಡಸುತನ. ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಅಳತೆ. ಬೇಳೆ ಬೇಯದಿರುವುದು, ಸೋಪು ನೊರೆ ಬಾರದಿರುವುದು, ನಲ್ಲಿಯ ಬಾಯಿಗೆ ಬಿಳಿ ಕರೆ ಕಟ್ಟುವುದು ಎಲ್ಲ ಇದರಿಂದಲೇ.

ಕೆಎಚ್ ಅಂದರೆ ನೀರಿನಲ್ಲಿರುವ ಬೈಕಾರ್ಬೊನೇಟ್ ಅಳತೆ. ಲ್ಯಾಬ್ ವರದಿಯಲ್ಲಿ ಇದನ್ನು ಕ್ಷಾರತೆ ಅಂತ ಬರೆದಿರುತ್ತಾರೆ. ಪಿಎಚ್ ಏಕಾಏಕಿ ಕುಸಿಯದಂತೆ ಹಿಡಿದಿಡುವುದು ಇದು.

ಪಿಎಚ್ ಅಂದರೆ ಹುಳಿ ಅಥವಾ ಕ್ಷಾರದ ಅಳತೆ. ಎಲ್ಲರೂ ಮೊದಲು ನೋಡುವುದು ಇದನ್ನೇ. ನಾನು ಕೊನೆಗೆ ನೋಡಿ ಅನ್ನುತ್ತೇನೆ. ಕೆಎಚ್ ಸರಿಹೋದರೆ ಪಿಎಚ್ ತಾನಾಗಿ ದಾರಿಗೆ ಬರುತ್ತದೆ.

ಹಂತ 1: ನಿಮ್ಮ ಬೋರ್ ನೀರಿನ ಜಾತಕ ನೋಡಿ

ಬೇಕಾಗುವುದು ಒಂದು ಟಿಡಿಎಸ್ ಮೀಟರ್ ಮತ್ತು ಜಿಎಚ್, ಕೆಎಚ್ ಅಳೆಯುವ ಹನಿ ಕಿಟ್. ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುತ್ತದೆ. ಕಿಟ್‌ನ ಚಿಕ್ಕ ಗಾಜಿನ ಕೊಳವೆಯಲ್ಲಿ 5 ಮಿಲಿ ನೀರು ತೆಗೆದುಕೊಂಡು ದ್ರಾವಣವನ್ನು ಹನಿ ಹನಿಯಾಗಿ ಬಿಡಬೇಕು. ಒಂದೊಂದು ಹನಿಗೂ ಮುಚ್ಚಿ ಅಲುಗಾಡಿಸಿ. ಬಣ್ಣ ಬದಲಾದಾಗ ಎಷ್ಟು ಹನಿ ಆಯಿತೋ ಅಷ್ಟು ಡಿಗ್ರಿ. ನೀರು ತುಂಬಾ ಗಡಸಾಗಿದ್ದರೆ ಇಪ್ಪತ್ತೈದು, ಮೂವತ್ತು ಹನಿ ಬೇಕಾಗಬಹುದು. ಹಾಗಿದ್ದಾಗ ಅರ್ಧ ಬೋರ್ ನೀರು, ಅರ್ಧ ಆರ್‌ಒ ನೀರು ಬೆರೆಸಿ ಅಳೆದು ಎರಡರಿಂದ ಗುಣಿಸಿ. ಆರ್‌ಒ ನೀರಿನಲ್ಲೂ ಒಂದು ಡಿಗ್ರಿ ಇರಬಹುದು, ಅದನ್ನು ಕಳೆದರೆ ಲೆಕ್ಕ ಸರಿಹೋಗುತ್ತದೆ. ಕಿಟ್ ದ್ರಾವಣ ಉಳಿಯುತ್ತದೆ.

ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿದರೆ ಇನ್ನೂ ಒಳ್ಳೆಯದು. ವರದಿಯಲ್ಲಿ ಗಡಸುತನವನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಅಂತ ಕೊಡುತ್ತಾರೆ. ಅದನ್ನು 17.9ರಿಂದ ಭಾಗಿಸಿದರೆ ಡಿಗ್ರಿ ಸಿಗುತ್ತದೆ. 500 ಅಂತ ಬರೆದಿದ್ದರೆ 28 ಡಿಗ್ರಿ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ಗಡಸುತನ 200 ಇರಬೇಕು, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಅಂದರೆ 'ಕುಡಿಯಲು ಯೋಗ್ಯ' ಅಂತ ವರದಿ ಬಂದ ನೀರೂ ನಿಯಾನ್ ಟೆಟ್ರಾದಂತಹ ಮೆದು ನೀರಿನ ಮೀನಿಗೆ ತೀರಾ ಗಡಸಾಗಿರಬಹುದು.

ಲ್ಯಾಬ್ ವರದಿಯಲ್ಲಿ ಕಬ್ಬಿಣ ಮತ್ತು ನೈಟ್ರೇಟ್ ಎರಡನ್ನು ಬಿಡದೆ ನೋಡಿ. ಕಬ್ಬಿಣಕ್ಕೆ ಮನೆಯಲ್ಲೇ ಒಂದು ಪರೀಕ್ಷೆ ಇದೆ. ಬೋರ್‌ನಿಂದ ನೇರ ಬರುವ ನೀರನ್ನು ಬಿಳಿ ಬಕೆಟ್‌ಗೆ ಹಿಡಿದು ರಾತ್ರಿಯಿಡೀ ತೆರೆದಿಡಿ. ಹಿಡಿದಾಗ ಗಾಜಿನಂತೆ ತಿಳಿಯಾಗಿದ್ದ ನೀರು ಬೆಳಿಗ್ಗೆ ಹಳದಿ ತಿರುಗಿ, ಬಕೆಟ್ ತಳದಲ್ಲಿ ಬೆರಳಿಗೆ ಹತ್ತುವ ಕಂದು ಪುಡಿ ಕೂತಿದ್ದರೆ ಕಬ್ಬಿಣ ಇದೆ ಅಂತಲೇ ಅರ್ಥ.

ಇದನ್ನೆಲ್ಲ ಒಮ್ಮೆ ಮಾಡಿ ಬಿಟ್ಟರೆ ಸಾಲದು. ಬೋರ್ ನೀರು ಬೇಸಿಗೆಯಲ್ಲಿ ಒಂದು ತರಹ, ಮಳೆ ಹಿಡಿದ ಮೇಲೆ ಇನ್ನೊಂದು ತರಹ. ಸಂಪಿಗೆ ಟ್ಯಾಂಕರ್ ನೀರೂ ಬೀಳುತ್ತಿದ್ದರೆ ವಾರ ವಾರವೂ ಬದಲಾಗುತ್ತದೆ. ಟಿಡಿಎಸ್ ಅಳೆಯಲು ಅರ್ಧ ನಿಮಿಷ ಸಾಕು. ನೀರು ಬದಲಿಸುವ ಪ್ರತಿ ಸಲವೂ ಅಳೆದು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಿ.

ಹಂತ 2: ಆರ್‌ಒ ನಿಜಕ್ಕೂ ಬೇಕಾ ಅಂತ ತೀರ್ಮಾನಿಸಿ

ಎಷ್ಟೋ ಜನರಿಗೆ ಬೇಡ. ಗಪ್ಪಿ, ಮೋಲಿ, ಪ್ಲ್ಯಾಟಿ ಗಡಸು ನೀರಿನಲ್ಲೇ ಚೆನ್ನಾಗಿರುತ್ತವೆ. ಮಲಾವಿ ಸರೋವರದ ಸಿಕ್ಲಿಡ್‌ಗಳಿಗಂತೂ ಗಡಸು ನೀರೇ ಬೇಕು. ಗೋಲ್ಡ್‌ಫಿಶ್ ಕೂಡ ಹೊಂದಿಕೊಳ್ಳುತ್ತದೆ. ನಿಮ್ಮ ಊರಿನ ಅಂಗಡಿಯವರು ತಮ್ಮ ಬೋರ್ ನೀರಿನಲ್ಲೇ ತಿಂಗಳುಗಟ್ಟಲೆ ಇಟ್ಟ ಮೀನಾದರೆ ಅದು ಆ ನೀರಿಗೆ ಆಗಲೇ ಒಗ್ಗಿರುತ್ತದೆ. ಇಂತಹ ಮೀನಿಗಾಗಿ ಮೆಷಿನ್ ಹಾಕಿಸಿದರೆ ದುಡ್ಡೂ ದಂಡ, ನೀರೂ ದಂಡ.

ಬೇಕಾಗುವುದು ಯಾರಿಗೆ? ಡಿಸ್ಕಸ್, ಕಾರ್ಡಿನಲ್ ಟೆಟ್ರಾ, ಎಪಿಸ್ಟೊಗ್ರಾಮ ತರಹದ ಮೆದು ನೀರಿನ ಮೀನು ಇಟ್ಟುಕೊಂಡವರಿಗೆ, ಅದರಲ್ಲೂ ಮರಿ ಮಾಡಿಸಬೇಕು ಅನ್ನುವವರಿಗೆ. ಬೀ ಸೀಗಡಿ ಸಾಕುವವರಿಗೆ. ನೀರಿನ ನೈಟ್ರೇಟ್ ಜಾಸ್ತಿ ಇರುವವರಿಗೆ. ಸಮುದ್ರ ನೀರಿನ ತೊಟ್ಟಿ ಮಾಡುವವರಿಗೆ ಇದು ಬೇಕೇ ಬೇಕು.

ಕರಾವಳಿ ಮತ್ತು ಮಲೆನಾಡಿನವರು ಇಲ್ಲಿ ಸ್ವಲ್ಪ ನಿಲ್ಲಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಬೆಂಗಳೂರಿನ ಆಳದ ಬೋರ್‌ಗೂ ಉಡುಪಿ, ಮಂಗಳೂರಿನ ಮುರಕಲ್ಲು ನೆಲದ ತೆರೆದ ಬಾವಿಗೂ ಅಜಗಜಾಂತರ. ಅಲ್ಲಿನ ಬಾವಿ ನೀರು ಮೊದಲೇ ಮೆದು, ತುಸು ಹುಳಿ, ಟಿಡಿಎಸ್ ನೂರರ ಒಳಗಿರುವುದೇ ಸಾಮಾನ್ಯ. ಅದಕ್ಕೆ ಆರ್‌ಒ ಬೇಡವೇ ಬೇಡ. ಅಲ್ಲಿನ ತೊಂದರೆ ಕೆಎಚ್ ಕಡಿಮೆ ಇರುವುದು. ಅದಕ್ಕೆ ಪರಿಹಾರ ಹಂತ 7ರಲ್ಲಿದೆ. ಸಮುದ್ರದ ಅಥವಾ ಅಳಿವೆಯ ಪಕ್ಕದ ಬಾವಿಗೆ ಬೇಸಿಗೆಯಲ್ಲಿ ಉಪ್ಪು ನೀರು ನುಗ್ಗುತ್ತದಲ್ಲ, ಅದೊಂದು ಬೇರೆ ವಿಷಯ.

ಇನ್ನೊಂದು ದಾರಿ ಮಳೆ ನೀರು. ಬೆಂಗಳೂರಿನಲ್ಲಿ ದೊಡ್ಡ ನಿವೇಶನಗಳ ಮನೆಗಳಿಗೆ 2009ರಿಂದಲೇ ಮಳೆ ಕೊಯ್ಲು ಕಡ್ಡಾಯ. ವ್ಯವಸ್ಥೆ ಹೇಗೂ ಇದೆ ಅಂದಮೇಲೆ, ಮೊದಲ ಜೋರು ಮಳೆಯಲ್ಲಿ ತಾರಸಿ ತೊಳೆದ ನೀರನ್ನು ಹೊರಗೆ ಬಿಟ್ಟು, ಆಮೇಲಿನ ನೀರನ್ನು ಪ್ಲಾಸ್ಟಿಕ್ ಡ್ರಮ್‌ಗೆ ಹಿಡಿದರೆ ಹೆಚ್ಚೂಕಡಿಮೆ ಆರ್‌ಒ ನೀರೇ ಪುಕ್ಕಟೆ ಸಿಕ್ಕಂತೆ. ಸಿಮೆಂಟ್ ಸಂಪಿನಲ್ಲಿ ನಿಂತ ಮಳೆ ನೀರು ಸುಣ್ಣ ಎಳೆದುಕೊಂಡಿರುತ್ತದೆ, ಅಳೆಯದೆ ಬಳಸಬೇಡಿ. ಮಳೆಗಾಲದಲ್ಲಿ ಇದೇ ನನಗೆ ಹೆಚ್ಚು ಇಷ್ಟವಾದ ದಾರಿ.

ಹಂತ 3: ಸರಿಯಾದ ಮೆಷಿನ್ ಆರಿಸಿ

ಆರ್‌ಒದ ಜೀವಾಳ ಮೆಂಬ್ರೇನ್. ತೆಳುವಾದ ಹಾಳೆಯನ್ನು ಸುರುಳಿ ಸುತ್ತಿ ಕೊಳವೆಯೊಳಗೆ ಕೂರಿಸಿರುತ್ತಾರೆ. ನೀರನ್ನು ಒತ್ತಡದಿಂದ ಅದರ ಮೇಲೆ ಹರಿಸಿದಾಗ ಸ್ವಲ್ಪ ನೀರು ಹಾಳೆಯನ್ನು ದಾಟಿ ಆ ಕಡೆ ಬರುತ್ತದೆ, ಉಪ್ಪು ಈ ಕಡೆಯೇ ಉಳಿಯುತ್ತದೆ. ಉಳಿದ ಉಪ್ಪನ್ನು ತೊಳೆದುಕೊಂಡು ಹೊರಗೆ ಹೋಗುವುದೇ ರಿಜೆಕ್ಟ್ ನೀರು. ಒಳ್ಳೆಯ ಮೆಂಬ್ರೇನ್ ನೂರರಲ್ಲಿ ತೊಂಬತ್ತೈದು ಪಾಲು ಉಪ್ಪನ್ನು ತಡೆಯುತ್ತದೆ. 850 ಟಿಡಿಎಸ್ ನೀರು 40ಕ್ಕೆ ಇಳಿಯುತ್ತದೆ.

ಒತ್ತಡ ಸುಮಾರು 60 ಪಿಎಸ್‌ಐ ಬೇಕು. ತಾರಸಿಯ ಟ್ಯಾಂಕ್ ಹತ್ತಡಿ ಎತ್ತರದಲ್ಲಿದ್ದರೆ ಸಿಗುವುದು ಬರೀ 4 ಚಿಲ್ಲರೆ ಪಿಎಸ್‌ಐ. ಅದಕ್ಕೇ ಬೂಸ್ಟರ್ ಪಂಪ್ ಬೇಕು. ಹೊರದೇಶದ ವಿಡಿಯೊಗಳಲ್ಲಿ ನೇರ ನಲ್ಲಿಗೆ ಸಿಕ್ಕಿಸುವ ಪಂಪ್ ಇಲ್ಲದ ಯೂನಿಟ್ ತೋರಿಸುತ್ತಾರೆ. ನಮ್ಮ ಮನೆಗಳಲ್ಲಿ ಅದು ನಡೆಯುವುದಿಲ್ಲ. ಟಿಡಿಎಸ್ ಜಾಸ್ತಿ ಇದ್ದಷ್ಟೂ ಒತ್ತಡ ಇನ್ನೂ ಜಾಸ್ತಿ ಬೇಕು. ಪ್ರತಿ 100 ಪಿಪಿಎಂಗೆ ಸುಮಾರು 1 ಪಿಎಸ್‌ಐ ಉಪ್ಪಿನ ಎದುರೊತ್ತಿಗೇ ಹೋಗಿಬಿಡುತ್ತದೆ. ಟಿಡಿಎಸ್ ಎರಡು ಸಾವಿರ ದಾಟಿದ್ದರೆ ಸಾಮಾನ್ಯ ಮನೆ ಮೆಂಬ್ರೇನ್ ಹೆಣಗಾಡುತ್ತದೆ. ಅಂತಹ ಕಡೆ ಮಳೆ ನೀರೋ ನಲ್ಲಿ ನೀರೋ ನೋಡುವುದು ಮೇಲು.

ಮೆಂಬ್ರೇನ್ ಮೇಲೆ 80 ಜಿಪಿಡಿ ಅಂತ ಬರೆದಿದ್ದರೆ ದಿನಕ್ಕೆ 80 ಗ್ಯಾಲನ್, ಅಂದರೆ ಸುಮಾರು 300 ಲೀಟರ್. ಗಂಟೆಗೆ 12 ಲೀಟರ್ ಲೆಕ್ಕ. ನಿಜವಾಗಿ ಸ್ವಲ್ಪ ಕಡಿಮೆ ಬರುತ್ತದೆ, ಚಳಿಗಾಲದಲ್ಲಿ ಇನ್ನೂ ಕಡಿಮೆ. ಮನೆಯ ತೊಟ್ಟಿಗೆ ಇಷ್ಟು ಬೇಕಾದಷ್ಟಾಯಿತು.

ಅಡುಗೆಮನೆಯ ಪ್ಯೂರಿಫೈಯರ್ ಬಳಸುವುದಾದರೆ

ಆಗುತ್ತದೆ. ಆದರೆ ಪ್ಯೂರಿಫೈಯರ್‌ನ ನಲ್ಲಿಯಿಂದ ಬರುವ ನೀರನ್ನು ಹಿಡಿಯಬೇಡಿ. ಕುಡಿಯುವ ಆರ್‌ಒಗಳಲ್ಲಿ ಮೆಂಬ್ರೇನ್ ಆದ ಮೇಲೆ ಇನ್ನೂ ಮೂರ್ನಾಲ್ಕು ಸಾಮಾನು ಇರುತ್ತವೆ. ರುಚಿಗಾಗಿ ಬೋರ್ ನೀರನ್ನೇ ತುಸು ಬೆರೆಸುವ ಟಿಡಿಎಸ್ ಕಂಟ್ರೋಲರ್, ಮಿನರಲ್ ಕಾರ್ಟ್ರಿಜ್, ಕೆಲವದರಲ್ಲಿ ಆಲ್ಕಲೈನ್ ಕಾರ್ಟ್ರಿಜ್. ಇವು ಎಷ್ಟು ಸೇರಿಸುತ್ತವೆ ಅನ್ನುವುದಕ್ಕೆ ನಿಮ್ಮ ಹತ್ತಿರ ಲೆಕ್ಕ ಇರುವುದಿಲ್ಲ. ಹೊಸದಾಗಿದ್ದಾಗ ಜಾಸ್ತಿ, ಹಳೆಯದಾದಾಗ ಕಡಿಮೆ.

ಎಲ್ಲಕ್ಕಿಂತ ಅಪಾಯ ಕಾಪರ್ ಕಾರ್ಟ್ರಿಜ್. ಮನುಷ್ಯರಿಗೆ ಒಳ್ಳೆಯದು ಅಂತ ನೀರಿಗೆ ತಾಮ್ರ ಸೇರಿಸುವ ಮೆಷಿನ್‌ಗಳು ಈಗ ಎಲ್ಲ ಕಡೆ ಇವೆ. ಸೀಗಡಿ ಮತ್ತು ಬಸವನಹುಳುಗಳಿಗೆ ತಾಮ್ರ ತುಂಬಾ ಕಡಿಮೆ ಪ್ರಮಾಣದಲ್ಲೇ ವಿಷ. ಕೆಎಚ್ ಇಲ್ಲದ ಮೆದು ನೀರಿನಲ್ಲಿ ಮೀನಿಗೂ ಹೆಚ್ಚು ಅಪಾಯ. ನಿಮ್ಮ ಮೆಷಿನ್ ಮೇಲೆ ಕಾಪರ್ ಅಂತ ಬರೆದಿದ್ದರೆ ಮೆಂಬ್ರೇನ್‌ನಿಂದ ಹೊರಬರುವ ಪೈಪಿಗೇ ಒಂದು ಟಿ ಮತ್ತು ಚಿಕ್ಕ ವಾಲ್ವ್ ಹಾಕಿಸಿ, ಅಲ್ಲಿಂದ ಅಕ್ವೇರಿಯಂಗೆ ಬೇರೆ ಲೈನ್ ಎಳೆಯಿರಿ. ಸರ್ವಿಸ್‌ನವರಿಗೆ 'ಮೆಂಬ್ರೇನ್ ಔಟ್‌ನಿಂದ ನೇರ ಲೈನ್ ಬೇಕು' ಅಂದರೆ ಅರ್ಥವಾಗುತ್ತದೆ.

ಹಂತ 4: ಮೆಂಬ್ರೇನ್‌ಗೆ ಹೋಗುವ ಮೊದಲೇ ನೀರನ್ನು ಸರಿಮಾಡಿ

ನಗರದ ನಲ್ಲಿ ನೀರಿಗೂ ಬೋರ್ ನೀರಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಬೋರ್ ನೀರಿನಲ್ಲಿ ಮೆಂಬ್ರೇನ್ ಕೊಲ್ಲುವವು ಮೂರು: ಮರಳು ಮಣ್ಣು, ಕಬ್ಬಿಣ, ಸುಣ್ಣ.

ಮರಳು ಮಣ್ಣಿಗೆ ಹೊರಗಡೆ ಒಂದು 5 ಮೈಕ್ರಾನ್ ಸ್ಪನ್ ಫಿಲ್ಟರ್ ಹಾಕಿ. ದಾರ ಸುತ್ತಿದಂತೆ ಕಾಣುವ ಬಿಳಿ ಉರುಳೆ, ಬೆಲೆ ಕಡಿಮೆ. ಕಂದು ಬಣ್ಣಕ್ಕೆ ತಿರುಗಿದಾಗ ತೊಳೆದು ಮತ್ತೆ ಹಾಕುವ ಅಭ್ಯಾಸ ತುಂಬಾ ಜನಕ್ಕಿದೆ. ಮೇಲಿನ ಕೊಳೆ ಹೋಗುತ್ತದೆ, ಒಳಗಿನದು ಹೋಗುವುದಿಲ್ಲ. ಹೊಸದು ಹಾಕಿ.

ಕಬ್ಬಿಣದ್ದು ಸೂಕ್ಷ್ಮ. ಭೂಮಿಯಿಂದ ಬರುವಾಗ ಅದು ಕರಗಿರುತ್ತದೆ, ಹಾಗಾಗಿ ಸ್ಪನ್ ಫಿಲ್ಟರ್ ಅದನ್ನು ಹಿಡಿಯುವುದಿಲ್ಲ. ಗಾಳಿ ತಾಗಿದ ಮೇಲೆ ಕಂದು ಕಣವಾಗಿ ಮೆಂಬ್ರೇನ್ ಮೇಲೆ ಕೂರುತ್ತದೆ. ಲೀಟರಿಗೆ 0.3 ಮಿಲಿಗ್ರಾಂ ಮೀರಿದರೆ ಎಚ್ಚರ ಬೇಕು. ಸುಲಭದ ಉಪಾಯ, ಬೋರ್ ನೀರನ್ನು ನೇರ ಆರ್‌ಒಗೆ ಕೊಡದೆ ಮೇಲಿನ ಟ್ಯಾಂಕ್‌ಗೆ ಎತ್ತರದಿಂದ ಬೀಳುವಂತೆ ತುಂಬಿಸಿ, ಒಂದು ರಾತ್ರಿ ತಂಗಲು ಬಿಟ್ಟು, ತಳದ ಕೆಸರು ಬಾರದಂತೆ ಸ್ವಲ್ಪ ಮೇಲಿನಿಂದ ಪೈಪ್ ತೆಗೆಯುವುದು. ಕೊಳೆತ ಮೊಟ್ಟೆ ವಾಸನೆ ಬರುವ ಬೋರ್ ನೀರಿಗೂ ಇದೇ ಮದ್ದು. ಆ ವಾಸನೆ ಒಂದು ಅನಿಲ. ಅದು ಮೆಂಬ್ರೇನನ್ನು ಆರಾಮಾಗಿ ದಾಟುತ್ತದೆ. ಕಬ್ಬಿಣ ತೀರಾ ಜಾಸ್ತಿ ಇದ್ದರೆ ಅದಕ್ಕೆಂದೇ ಇರುವ ಐರನ್ ಫಿಲ್ಟರ್ ಹಾಕಿಸಬೇಕಾಗುತ್ತದೆ.

ಸುಣ್ಣಕ್ಕೆ ಎರಡು ದಾರಿ. ಆಂಟಿಸ್ಕೇಲಂಟ್ ಅನ್ನುವ ಕಾರ್ಟ್ರಿಜ್ ಸುಣ್ಣ ಹರಳು ಕಟ್ಟದಂತೆ ತಡೆಯುತ್ತದೆ. ಇಲ್ಲವಾದರೆ ಸಾಫ್ಟ್‌ನರ್. ಅಪಾರ್ಟ್‌ಮೆಂಟ್‌ಗಳಲ್ಲಿ ಉಪ್ಪು ಹಾಕಿ ನಡೆಸುವ ದೊಡ್ಡ ಸಿಲಿಂಡರ್ ಇರುತ್ತದಲ್ಲ, ಅದೇ. ಅದು ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ಸೋಪು ನೊರೆ ಬರುತ್ತದೆ, ಆದರೆ ಟಿಡಿಎಸ್ ಇಳಿಯುವುದಿಲ್ಲ. ಹಾಗಾಗಿ ಸಾಫ್ಟ್‌ನರ್ ನೀರನ್ನು ನೇರ ಮೀನಿಗೆ ಹಾಕಿ 'ಮೆದು ನೀರು ಕೊಟ್ಟೆ' ಅಂದುಕೊಳ್ಳಬೇಡಿ. ಆದರೆ ಆರ್‌ಒಗೆ ಮೊದಲು ಅದಿದ್ದರೆ ಮೆಂಬ್ರೇನ್ ಬಹಳ ದಿನ ಬಾಳುತ್ತದೆ.

ಮತ್ತೊಂದು ಎಚ್ಚರ. ಬೋರ್ ನೀರಿನಲ್ಲಿ ಕ್ಲೋರಿನ್ ಇಲ್ಲ, ಕಾರ್ಬನ್ ಫಿಲ್ಟರ್ ಸುಮ್ನೆ ಯಾಕೆ ಅಂತ ತೆಗೆಸುವವರಿದ್ದಾರೆ. ಸಂಪ್ ತೊಳೆದಾಗ ಬ್ಲೀಚಿಂಗ್ ಪೌಡರ್ ಹಾಕುತ್ತೀರಲ್ವಾ? ಟ್ಯಾಂಕರ್ ನೀರಿಗೂ ಹಾಕಿರುತ್ತಾರೆ. ಕ್ಲೋರಿನ್ ತಾಗಿದರೆ ಮೆಂಬ್ರೇನ್ ಸುಟ್ಟಂತೆಯೇ, ಮತ್ತೆ ಸರಿಹೋಗುವುದಿಲ್ಲ. ಕಾರ್ಬನ್ ಇರಲಿ.

ಹಂತ 5: ಜೋಡಿಸಿ, ಮೊದಲ ನೀರು ಚೆಲ್ಲಿ

ಹೊಸ ಮೆಂಬ್ರೇನ್‌ಗೆ ಕೆಡದಿರಲಿ ಅಂತ ರಾಸಾಯನಿಕ ಸವರಿರುತ್ತಾರೆ. ಮೊದಲ ಎರಡು ಗಂಟೆಯ ನೀರನ್ನು ಪೂರ್ತಿ ಚೆಲ್ಲಿ.

ಆಮೇಲೆ ಒಂದು ಮಗ್ ಮತ್ತು ಮೊಬೈಲ್ ಗಡಿಯಾರ ಹಿಡಿದು ಅಳೆಯಿರಿ. ಒಂದು ನಿಮಿಷಕ್ಕೆ ಒಳ್ಳೆ ನೀರು ಎಷ್ಟು ಬಂತು, ರಿಜೆಕ್ಟ್ ಎಷ್ಟು ಬಂತು. ಒಂದಕ್ಕೆ ಮೂರರ ಆಸುಪಾಸಿನಲ್ಲಿ ಇರುವುದು ಸಾಮಾನ್ಯ. ರಿಜೆಕ್ಟ್ ಪೈಪಿನಲ್ಲಿ ಫ್ಲೋ ರಿಸ್ಟ್ರಿಕ್ಟರ್ ಅನ್ನುವ ಚಿಕ್ಕ ತುಂಡು ಇದನ್ನು ನಿಯಂತ್ರಿಸುತ್ತದೆ. ನೀರು ಉಳಿಸಲು ಅದನ್ನು ಇನ್ನೂ ಬಿಗಿ ಮಾಡಬೇಡಿ. ಗಡಸು ಬೋರ್ ನೀರಿನಲ್ಲಿ ರಿಜೆಕ್ಟ್ ಕಡಿಮೆಯಾದರೆ ಸುಣ್ಣ ಮೆಂಬ್ರೇನ್ ಮೇಲೇ ಗಟ್ಟಿಯಾಗುತ್ತದೆ. ಉಳಿಸಿದ ನೀರಿಗಿಂತ ಹೊಸ ಮೆಂಬ್ರೇನ್ ದುಬಾರಿ.

ಇನ್ನೊಂದು ವಿಷಯವನ್ನು ತುಂಬಾ ಜನ ಗಮನಿಸುವುದಿಲ್ಲ. ರಾತ್ರಿಯಿಡೀ ನಿಂತಿದ್ದ ಮೆಷಿನ್ ಆನ್ ಮಾಡಿ, ಮೊದಲ ಲೋಟದ ಟಿಡಿಎಸ್ ನೋಡಿ. 40 ಬರಬೇಕಾದ ಕಡೆ ನೂರೋ ನೂರೈವತ್ತೋ ತೋರಿಸುತ್ತದೆ. ಐದು ನಿಮಿಷ ಬಿಟ್ಟು ನೋಡಿ, ಇಳಿದಿರುತ್ತದೆ. ಮೆಷಿನ್ ನಿಂತಾಗ ಒತ್ತಡ ಇರುವುದಿಲ್ಲ, ಉಪ್ಪು ಮೆಲ್ಲಗೆ ಹಾಳೆಯ ಆ ಕಡೆಗೂ ಜಾರಿರುತ್ತದೆ. ಹಾಗಾಗಿ ದಿನಾ ಎರಡೆರಡು ಲೀಟರ್ ಹಿಡಿಯುವ ಬದಲು ವಾರಕ್ಕೊಮ್ಮೆ ಒಂದೇ ಸಲ ನಡೆಸಿ ಡ್ರಮ್ ತುಂಬಿಸಿ. ಪ್ರತಿ ಸಲ ಮೊದಲ ಐದು ನಿಮಿಷದ ನೀರು ಬಿಟ್ಟುಬಿಡಿ.

ಹಂತ 6: ಡ್ರಮ್ ತುಂಬಿಸಿ, ಗಾಳಿ ಆಡಿಸಿ

ಆಹಾರ ಪದಾರ್ಥಕ್ಕೆ ಬಳಸುವ ಪ್ಲಾಸ್ಟಿಕ್ ಡ್ರಮ್ ತೆಗೆದುಕೊಳ್ಳಿ. ಮೊದಲು ಏನಿತ್ತು ಅಂತ ಗೊತ್ತಿಲ್ಲದ ಸೆಕೆಂಡ್ ಹ್ಯಾಂಡ್ ಡ್ರಮ್ ಬೇಡ. ತಾಮ್ರ, ತಗಡಿನ ಪಾತ್ರೆ ಬೇಡ. ಮುಚ್ಚಳ ಇರಲಿ, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತದೆ. ಬಿಸಿಲಿಗೆ ಇಡಬೇಡಿ. ಡ್ರಮ್‌ಗೆ ಒಂದು ಫ್ಲೋಟ್ ಸ್ವಿಚ್ ಹಾಕಿಸಿ. ತುಂಬಿದಾಗ ಮೆಷಿನ್ ತಾನೇ ನಿಲ್ಲುತ್ತದೆ. ರಾತ್ರಿ ಆನ್ ಮಾಡಿ ಮಲಗಿ ಬೆಳಿಗ್ಗೆ ಹಾಲ್ ತುಂಬಾ ನೀರು ನೋಡುವುದು ತಪ್ಪುತ್ತದೆ.

ಡ್ರಮ್ ಒಳಗೆ ಏರ್ ಪಂಪ್‌ನ ಕಲ್ಲು ಬಿಟ್ಟು ಕನಿಷ್ಠ ಒಂದು ರಾತ್ರಿ ಗಾಳಿ ಆಡಿಸಿ. ಆಳದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ ಇರುತ್ತದೆ, ಅನಿಲವಾದ್ದರಿಂದ ಅದನ್ನೂ ಮೆಂಬ್ರೇನ್ ತಡೆಯುವುದಿಲ್ಲ. ಬಂದ ಕೂಡಲೇ ಪಿಎಚ್ ಅಳೆದರೆ ಐದೂವರೆ, ಆರು ತೋರಿಸಿ ಗಾಬರಿ ಹುಟ್ಟಿಸುತ್ತದೆ. ಗಾಳಿ ಆಡಿದ ಮೇಲೆ ಏರುತ್ತದೆ. ಅಷ್ಟಕ್ಕೇ ಪಿಎಚ್ ಏರಿಸುವ ದ್ರಾವಣ ತಂದು ಸುರಿಯಬೇಡಿ.

ಹಂತ 7: ಬೆರೆಸುವ ಲೆಕ್ಕ

ಇಡೀ ಕೆಲಸದ ತಿರುಳು ಇಲ್ಲಿದೆ. ಆರ್‌ಒ ನೀರನ್ನು ಹಾಗೇ ಹಾಕಿದರೆ ಎರಡು ತೊಂದರೆ. ಒಂದು, ಗಡಸು ನೀರಿನಲ್ಲಿದ್ದ ಮೀನಿನ ಮೈಗೆ ಒಮ್ಮೆಲೇ ಉಪ್ಪಿಲ್ಲದ ನೀರು ನುಗ್ಗಿ ಅದು ತಡೆದುಕೊಳ್ಳಲಾರದು. ಎರಡು, ಮೀನಿನ ಗಲೀಜನ್ನು ಬ್ಯಾಕ್ಟೀರಿಯಾ ನೈಟ್ರೇಟ್ ಮಾಡುವಾಗ ಕೆಎಚ್ ಖರ್ಚಾಗುತ್ತದೆ. ಕೆಎಚ್ ಇಲ್ಲದ ನೀರಿನಲ್ಲಿ ಪಿಎಚ್ ಕುಸಿದು ಆ ಬ್ಯಾಕ್ಟೀರಿಯಾವೇ ಸೊರಗುತ್ತದೆ. ಎರಡು ದಿನಕ್ಕೆ ಮೀನು ಸತ್ತಿದ್ದು ಯಾಕೆ ಅಂತ ಕೇಳಿದವರಿಗೆ ಉತ್ತರ ಬಹುಪಾಲು ಇವೆರಡರಲ್ಲೇ ಇರುತ್ತದೆ.

ಸುಲಭದ, ಪುಕ್ಕಟೆಯ ದಾರಿ ನಿಮ್ಮದೇ ಬೋರ್ ನೀರನ್ನು ಬೆರೆಸುವುದು. ಸೂತ್ರ ಇಷ್ಟೇ: ಬೇಕಾದ ಜಿಎಚ್‌ನಿಂದ ಆರ್‌ಒ ಜಿಎಚ್ ಕಳೆಯಿರಿ. ಬೋರ್ ಜಿಎಚ್‌ನಿಂದಲೂ ಆರ್‌ಒ ಜಿಎಚ್ ಕಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಬಂದದ್ದು ಬೋರ್ ನೀರಿನ ಪಾಲು.

ಒಂದು ಉದಾಹರಣೆ ನೋಡೋಣ. ಬೋರ್ ಜಿಎಚ್ 28, ಕೆಎಚ್ 20, ಟಿಡಿಎಸ್ 850. ಆರ್‌ಒ ನೀರಿನಲ್ಲಿ ಜಿಎಚ್ 1, ಕೆಎಚ್ 1, ಟಿಡಿಎಸ್ 40. ಟೆಟ್ರಾಗಳಿಗೆ ಜಿಎಚ್ 6 ಬೇಕು. ಆರರಲ್ಲಿ ಒಂದು ಕಳೆದರೆ 5, ಇಪ್ಪತ್ತೆಂಟರಲ್ಲಿ ಒಂದು ಕಳೆದರೆ 27. ಭಾಗಿಸಿದರೆ 0.185. ತೊಟ್ಟಿ ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಅಂದುಕೊಳ್ಳಿ. ಕಲ್ಲು ಮರಳು ಕಳೆದು ಸುಮಾರು 160 ಲೀಟರ್. ವಾರಕ್ಕೆ ಕಾಲು ಭಾಗ ಬದಲಿಸಿದರೆ 40 ಲೀಟರ್. ಅದರಲ್ಲಿ ಬೋರ್ ನೀರು 7.4 ಲೀಟರ್, ಉಳಿದ 32.6 ಲೀಟರ್ ಆರ್‌ಒ. ಬೆರೆಸಿದ ನೀರಿನ ಕೆಎಚ್ ನಾಲ್ಕೂವರೆ, ಟಿಡಿಎಸ್ 190ರ ಹತ್ತಿರ ಬರುತ್ತದೆ. ಚೊಕ್ಕವಾದ ನೀರು.

ಒಮ್ಮೆ ಲೆಕ್ಕ ಕೂತ ಮೇಲೆ ಪ್ರತಿ ವಾರ ಕಿಟ್ ಬೇಡ. ಡ್ರಮ್‌ನ ಟಿಡಿಎಸ್ 190 ಬರುವವರೆಗೆ ಬೋರ್ ನೀರು ಮಗ್‌ನಲ್ಲಿ ಸೇರಿಸುತ್ತಾ ಕಲಕಿ. ತಿಂಗಳಿಗೊಮ್ಮೆ ಕಿಟ್‌ನಲ್ಲಿ ಖಾತ್ರಿ ಮಾಡಿಕೊಳ್ಳಿ. ಬೆರೆಸುವ ನೀರು ಸಾಫ್ಟ್‌ನರ್ ದಾಟಿ ಬಂದದ್ದಾಗಬಾರದು. ಅದರಲ್ಲಿ ಕ್ಯಾಲ್ಸಿಯಂ ಇಲ್ಲ, ಟಿಡಿಎಸ್ ಮಾತ್ರ ಏರುತ್ತದೆ.

ಬೋರ್ ನೀರಿನಲ್ಲಿ ನೈಟ್ರೇಟ್ ವಿಪರೀತ ಇದ್ದರೆ, ಅಥವಾ ನೀರು ಉಪ್ಪುಪ್ಪಾಗಿದ್ದರೆ ಬೆರೆಸಬೇಡಿ. ಆಗ ಖನಿಜವನ್ನು ತೂಕ ಮಾಡಿ ಹಾಕಬೇಕು. ನೂರು ಲೀಟರ್ ಆರ್‌ಒ ನೀರಿಗೆ ಜಿಎಚ್ ಒಂದು ಡಿಗ್ರಿ ಏರಿಸಲು ಜಿಪ್ಸಂ (ಕ್ಯಾಲ್ಸಿಯಂ ಸಲ್ಫೇಟ್) 3.1 ಗ್ರಾಂ, ಅಥವಾ ಎಪ್ಸಂ ಉಪ್ಪು (ಮೆಗ್ನೀಷಿಯಂ ಸಲ್ಫೇಟ್) 4.4 ಗ್ರಾಂ. ಮೂರು ಪಾಲು ಡಿಗ್ರಿ ಜಿಪ್ಸಂನಿಂದ, ಒಂದು ಪಾಲು ಎಪ್ಸಂನಿಂದ ಬಂದರೆ ಸರಿಹೋಗುತ್ತದೆ. ಕೆಎಚ್ ಒಂದು ಡಿಗ್ರಿಗೆ ಅಡುಗೆ ಸೋಡಾ 3 ಗ್ರಾಂ. ಗಿಡ ಬೆಳೆಸುವವರು ಅದರ ಬದಲು ಪೊಟ್ಯಾಸಿಯಂ ಬೈಕಾರ್ಬೊನೇಟ್ 3.6 ಗ್ರಾಂ ಹಾಕಬಹುದು. ಅಡುಗೆ ಸೋಡಾ ಬೇರೆ, ಬೇಕಿಂಗ್ ಪೌಡರ್ ಬೇರೆ; ಎರಡನೆಯದು ತೊಟ್ಟಿಗೆ ಬೇಡ. ಜಿಪ್ಸಂ ನಿಧಾನಕ್ಕೆ ಕರಗುತ್ತದೆ, ಹಿಂದಿನ ರಾತ್ರಿಯೇ ಡ್ರಮ್‌ಗೆ ಹಾಕಿ ಗಾಳಿ ಬಿಟ್ಟಿರಿ. ಗ್ರಾಂ ಲೆಕ್ಕದ ಚಿಕ್ಕ ಡಿಜಿಟಲ್ ತಕ್ಕಡಿ ಬೇಕು, ಚಮಚದ ಅಳತೆ ನಂಬಬೇಡಿ. ಕರಾವಳಿಯ ಬಾವಿ ನೀರಿಗೂ ಇದೇ ಸೋಡಾ ಲೆಕ್ಕ. ಕೆಎಚ್ ಮೂರು ಡಿಗ್ರಿ ಇದ್ದರೆ ಸಾಮಾನ್ಯ ಮೀನಿಗೆ ಸಾಕು.

ಬೀ ಸೀಗಡಿಗೆ ಲೆಕ್ಕ ಬೇರೆ. ಜಿಎಚ್ 4ರಿಂದ 6, ಕೆಎಚ್ ಸೊನ್ನೆಯಿಂದ ಒಂದು. ಅವುಗಳಿಗೆ ಬೋರ್ ನೀರು ಬೆರೆಸಲು ಬರುವುದಿಲ್ಲ, ಸೀಗಡಿಗೆಂದೇ ಸಿಗುವ ಖನಿಜ ಪುಡಿಯೇ ಗತಿ. ಸಮುದ್ರ ತೊಟ್ಟಿಯವರು ಆರ್‌ಒ ನಂತರ, ಉಳಿದ ಉಪ್ಪನ್ನೂ ಹಿಡಿದುಕೊಳ್ಳುವ ಡಿಐ ರಾಳದ ಕಾರ್ಟ್ರಿಜ್ ಹಾಕಿಸಿ ಟಿಡಿಎಸ್ ಸೊನ್ನೆಗೆ ತಂದು, ಆಮೇಲೆ ಸಮುದ್ರದ ಉಪ್ಪಿನ ಮಿಶ್ರಣ ಬೆರೆಸಬೇಕು.

ಹಂತ 8: ಇರುವ ತೊಟ್ಟಿಯನ್ನು ನಿಧಾನವಾಗಿ ಬದಲಿಸಿ

ಇಷ್ಟು ದಿನ ಜಿಎಚ್ 28ರಲ್ಲಿದ್ದ ಮೀನನ್ನು ಒಂದೇ ದಿನ 6ಕ್ಕೆ ತರಬೇಡಿ. ವಾರಕ್ಕೆ ಎರಡು ಸಲ, ಪ್ರತಿ ಸಲ ಹತ್ತನೇ ಒಂದು ಪಾಲು ಮಾತ್ರ ಹೊಸ ನೀರು ಹಾಕಿ. ಎಂಟು ವಾರಕ್ಕೆ ಜಿಎಚ್ ಹತ್ತರ ಸುತ್ತಮುತ್ತ ಬರುತ್ತದೆ. ನಡುವೆ ಮೀನು ಉಸಿರಿಗೆ ಮೇಲೆ ಬರುವುದು, ರೆಕ್ಕೆ ಮಡಚಿ ಮೂಲೆ ಹಿಡಿಯುವುದು ಕಂಡರೆ ಒಂದು ವಾರ ನಿಲ್ಲಿಸಿ. ಡ್ರಮ್ ನೀರಿನ ಬಿಸಿ ತೊಟ್ಟಿಯ ಬಿಸಿಗೆ ಹೊಂದಲಿ, ಡಿಸ್ಕಸ್ ಇದ್ದರಂತೂ ಇದು ಮುಖ್ಯ.

ಜಿಎಚ್ ಇಳಿಯದೆ ಹಟ ಹಿಡಿದರೆ ತೊಟ್ಟಿಯೊಳಗಿನ ಕಲ್ಲನ್ನು ಅನುಮಾನಿಸಿ. ಅಮೃತಶಿಲೆಯ ಚೂರು, ಹವಳ, ಚಿಪ್ಪು ಸುಣ್ಣ ಬಿಡುತ್ತಲೇ ಇರುತ್ತವೆ. ಕಲ್ಲಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ, ಗುಳ್ಳೆ ಎದ್ದರೆ ಹೊರಗಿಡಿ. ನಮ್ಮ ಕಡೆಯ ಗ್ರಾನೈಟ್‌ನಿಂದ ತೊಂದರೆಯಿಲ್ಲ.

ಆವಿಯಾಗಿ ಕಡಿಮೆಯಾದ ನೀರನ್ನು ತುಂಬಿಸಲು ಮಾತ್ರ ಏನನ್ನೂ ಬೆರೆಸದ ಆರ್‌ಒ ನೀರು ಬಳಸಿ. ಆವಿಯಾಗಿ ಹೋಗುವುದು ಬರೀ ನೀರು, ಉಪ್ಪು ತೊಟ್ಟಿಯಲ್ಲೇ ಉಳಿದಿರುತ್ತದೆ. ಅದಕ್ಕೆ ಬೋರ್ ನೀರು ತುಂಬಿಸುತ್ತಾ ಹೋದರೆ ತಿಂಗಳು ತಿಂಗಳೂ ಟಿಡಿಎಸ್ ಏರುತ್ತದೆ. ಹಳೆ ಮೀನು ಹೇಗೋ ಬದುಕಿರುತ್ತವೆ, ಹೊಸದಾಗಿ ತಂದವು ಮಾತ್ರ ಸಾಯುತ್ತವೆ.

ಹಂತ 9: ರಿಜೆಕ್ಟ್ ನೀರು ಮತ್ತು ಮೆಷಿನ್ ಆರೈಕೆ

ಮೇಲಿನ ಉದಾಹರಣೆಯಲ್ಲಿ ವಾರಕ್ಕೆ 33 ಲೀಟರ್ ಒಳ್ಳೆ ನೀರಿಗೆ ಸುಮಾರು 100 ಲೀಟರ್ ರಿಜೆಕ್ಟ್. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ಗಳು ಸಾಲು ಸಾಲಾಗಿ ಬತ್ತಿದ್ದನ್ನು ಕಂಡವರಿಗೆ ಇದನ್ನು ಮೋರಿಗೆ ಬಿಡಲು ಮನಸ್ಸು ಬರುವುದಿಲ್ಲ, ಬರಬಾರದು ಕೂಡ. ಬೇರೆ ಬಕೆಟ್‌ಗೆ ಹಿಡಿದು ನೆಲ ಒರೆಸಲು, ಟಾಯ್ಲೆಟ್‌ಗೆ, ಅಂಗಳ ತೊಳೆಯಲು ಬಳಸಿ. ಕುಂಡದ ಗಿಡಗಳಿಗೆ ದಿನಾ ಹಾಕಿದರೆ ಮಣ್ಣಿಗೆ ಉಪ್ಪು ಹಿಡಿಯುತ್ತದೆ. ವಾಪಸ್ ಸಂಪಿಗೆ ಬಿಡುವುದಂತೂ ದೊಡ್ಡ ತಪ್ಪು: ಅದೇ ನೀರು ಮತ್ತೆ ಮೆಷಿನ್‌ಗೆ ಬಂದು, ಪ್ರತಿ ಸುತ್ತಿಗೂ ಟಿಡಿಎಸ್ ಏರಿ, ಮೆಂಬ್ರೇನ್ ಬೇಗ ಸಾಯುತ್ತದೆ.

ಮೆಂಬ್ರೇನ್ ಎಷ್ಟು ದಿನ ಬರುತ್ತದೆ ಅನ್ನುವುದು ನೀರಿನ ಮೇಲೆ ನಿಂತಿದೆ. ಕ್ಯಾಲೆಂಡರ್ ನೋಡಿ ಬದಲಿಸಬೇಡಿ, ಲೆಕ್ಕ ನೋಡಿ ಬದಲಿಸಿ. ಒಳಗೆ ಹೋಗುವ ಟಿಡಿಎಸ್‌ನಿಂದ ಹೊರಬರುವುದನ್ನು ಕಳೆದು, ಒಳಗೆ ಹೋಗುವುದರಿಂದ ಭಾಗಿಸಿ, ನೂರರಿಂದ ಗುಣಿಸಿ. ಶೇ 95 ಇದ್ದದ್ದು 90ರ ಕೆಳಗೆ ಇಳಿದರೆ ಮೊದಲು ಸ್ಪನ್, ಕಾರ್ಬನ್ ಬದಲಿಸಿ, ಪಂಪ್ ಒತ್ತಡ ನೋಡಿ. ಆಮೇಲೂ ಏರದಿದ್ದರೆ ಮೆಂಬ್ರೇನ್ ಮುಗಿದಿದೆ. ಟಿಡಿಎಸ್ ಸರಿಯಿದ್ದು ನೀರು ಮಾತ್ರ ಸಣ್ಣಗೆ ಬರುತ್ತಿದ್ದರೆ ಸುಣ್ಣವೋ ಕಬ್ಬಿಣವೋ ಕಟ್ಟಿದೆ ಅಂತ. ಹಂತ 4ಕ್ಕೆ ವಾಪಸ್ ಹೋಗಿ.

ಎರಡು ಮೂರು ವಾರ ಊರಿಗೆ ಹೋಗುವುದಿದ್ದರೆ ಮೆಂಬ್ರೇನನ್ನು ಒಣಗಲು ಬಿಡಬೇಡಿ, ಅದು ಒಳಗೆ ಒದ್ದೆಯಾಗಿಯೇ ಇರಬೇಕು. ನೀರಿನ ವಾಲ್ವ್ ಮುಚ್ಚಿ, ಪ್ಲಗ್ ತೆಗೆದು ಹೋಗಿ. ವಾಪಸ್ ಬಂದ ದಿನ ಒಂದು ಗಂಟೆ ನಡೆಸಿ ಆ ನೀರನ್ನು ನೆಲ ಒರೆಸಲು ಎತ್ತಿಟ್ಟು, ಟಿಡಿಎಸ್ ಹಳೆಯ ಅಂಕಿಗೆ ಬಂದ ಮೇಲೆ ಡ್ರಮ್‌ಗೆ ಬಿಡಿ.